ಮಾವನ ಕೆಂಪು ಪೆನ್ನು, ಎರಡು ಖಾಲಿ ದಿನ

ನಮ್ಮ ಮಾವನಷ್ಟು ಚೆಂದವಾಗಿ ಯೋಜನೆ ಹಾಕುವವರು ಚಳ್ಳಕೆರೆ ತಾಲ್ಲೂಕಿನಲ್ಲೇ ಇರಲಿಲ್ಲ. ಅವರು ಹಾಕಿದ ಯೋಜನೆಯಂತೆ ನಡೆದ ಕೆಲಸವೂ ಇರಲಿಲ್ಲ! ಊರಿಗೆ ಕಂಪ್ಯೂಟರೇ ಹೊಸದಾಗಿದ್ದ ಆ ಕಾಲದಲ್ಲಿ, ಕಂಪ್ಯೂಟರ್ ಕೆಲಸವನ್ನು ಹೇಗೆ ಯೋಜಿಸಿ ಮುಗಿಸಬೇಕೆಂದು ಡಿಪ್ಲೊಮಾ ಹುಡುಗರಿಗೆ ಕಲಿಸಿ, ಅವರ ಪ್ರಾಜೆಕ್ಟಿಗೆ ಅಂಕ ಹಾಕುತ್ತಿದ್ದವರು ಇವರೇ. ಪಕ್ಕದಲ್ಲಿ ಕೂತು ಎರಡನೇ ಸಹಿ ಹಾಕುವ ಪರೀಕ್ಷಕ ನಾನು. ಅವರ ಅಕ್ಕನ ಮಗ ತಾನೇ ನಾನು, ಎದುರು ಮಾತಾಡುವುದುಂಟೇ?

ತಪ್ಪು ಕಂಡಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಒಂದೇ ಷರಾ: ‘ವಿದ್ಯಾರ್ಥಿಯ ಅಜ್ಞಾನ’. ಒಬ್ಬ ಹುಡುಗ ಎಣ್ಣೆ ಮಿಲ್ಲಿಗೆ ಮೂವತ್ತು ದಿನದಲ್ಲಿ ಕಂಪ್ಯೂಟರ್ ಕೂರಿಸುತ್ತೇನೆಂದು ಬರೆದಿದ್ದ.

“ಲೇ, ಕರೆಂಟ್ ಹೋಗೋ ದಿನ ಎಲ್ಲಿ ಬರ್ದೀಯಾ?”

“ಮಿಲ್ಲಲ್ಲಿ ಜನರೇಟರ್ ಐತೆ ಸಾರ್.”

“ಡೀಸೆಲ್ ತರಾಕೆ ಹೋದೋನು ಟೀ ಕುಡಿಯಾಕೆ ನಿಂತ್ಕಂಡ್ರೆ?”

ಟೀಗೆ ಐದು ಅಂಕ ಹೋಯಿತು!

ಇಷ್ಟೆಲ್ಲ ಹೇಳುವವರ ಮನೆಯ ಬಚ್ಚಲಿಗೆ ಬಾಗಿಲಿರಲಿಲ್ಲ. ಗೆದ್ದಲು ತಿಂದ ಬಾಗಿಲನ್ನು ಕಿತ್ತು, ನಾಲ್ಕೇ ದಿನದಲ್ಲಿ ಹೊಸದನ್ನು ಕೂರಿಸಲು ಆಳೆತ್ತರದ ಚಾರ್ಟ್ ಬರೆದು ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು. ಅದಾಗಿ ಎರಡು ವರ್ಷವಾಗಿತ್ತು. “ಬಾಗಿಲು ಎಲ್ಲಿಗೆ ಬಂತು ಅತ್ತೆ?” ಎಂದೆ.

“ಆ ಚಾರ್ಟನ್ನೇ ತೂಗಾಕಿದೀನಿ ನೋಡಪ್ಪ. ನೀರು ಬಿದ್ರೂ ಏನೂ ಆಗಲ್ಲ!”

ಆ ವರ್ಷವೇ ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ ಪರೀಕ್ಷೆಗೆ ಬಂದಳು. ಸೀರೆ ಆರ್ಡರುಗಳನ್ನು ಕಂಪ್ಯೂಟರಿಗೆ ಹಾಕುವುದನ್ನು ನೇಕಾರರಿಗೆ ಕಲಿಸುವ ಯೋಜನೆ ಅವಳದು. ಒಮ್ಮೆ ಫೇಲಾಗಿದ್ದಳು, ಇದೊಂದು ಪಾಸಾದರೆ ಡಿಪ್ಲೊಮಾ ಕೈಗೆ. ಮಾವನ ಪೆನ್ನು ಚಾರ್ಟಿನ ಎರಡು ಖಾಲಿ ದಿನಗಳ ಮೇಲೆ ನಿಂತಿತು.

“ಏನಮ್ಮಾ, ಈ ಎರಡು ದಿನ ಎಲ್ರೂ ನಿದ್ದೆ ಮಾಡ್ತೀರಾ?”

“ಇಲ್ಲ ಸಾರ್, ಮಗ್ಗಕ್ಕೆ ಹೊಸ ಹಾಸು, ಅಂದ್ರೆ ಸೀರೆಯ ಉದ್ದದ ಎಳೆಗಳ್ನ, ಕೂಡಿಸ್ತೀವಿ. ಆವಾಗ ಮನೇರು ಬೇರೆ ಕೆಲ್ಸ ಮುಟ್ಟಲ್ಲ.”

“ದಾರ ಗಂಟಾಕಾಕೆ ಎರಡು ದಿನಾನಾ? ಕತೆ ಹೇಳ್ಬೇಡ!”

ಸೊನ್ನೆ ಬಿತ್ತು, ಷರಾನೂ ಬಿತ್ತು. ನಾನೂ ಸಹಿ ಹಾಕಿದೆ. ಹುಡುಗಿ ಅಳಲಿಲ್ಲ. “ನಾಳೆ ನಮ್ಮನೇಲಿ ಅದೇ ಕೆಲ್ಸ ಐತೆ. ಬಂದು ನೋಡ್ರಿ ಸಾರ್” ಎಂದಳು.

ನೋಡ್ರಿ ಎಂದರೆ ಯಾರಾದರೂ ಹೋಗುತ್ತಾರೆಯೇ? ಈ ಪುಣ್ಯಾತ್ಮರು ಬೆಳಗಿನ ಬಸ್ಸಿಗೇ ಹೊರಟರು, ನನ್ನನ್ನೂ ಎಳೆದುಕೊಂಡು!

ಮಗ್ಗದ ಮುಂದೆ ಹುಡುಗಿಯ ಅವ್ವ, ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಎಳೆ ಸೇರಿಸುತ್ತಿದ್ದರು. ಕೂದಲಿಗಿಂತ ಸಣ್ಣ ರೇಷ್ಮೆ, ಸಾವಿರಾರು ಎಳೆ.

“ಎಷ್ಟು ಎಳೆ ಐತವ್ವ?” ಎಂದರು ಮಾವ.

“ಕೂತ್ಕಳ್ಳಿ ಸಾರ್. ಮಾತಾಡಿಸ್ಬೇಡಿ, ಎಳೆ ತಪ್ತೈತೆ.”

ಬಾಯಿ ಮುಚ್ಚಿ ಗೊತ್ತಿಲ್ಲದ ಮಾವ ಸಂಜೆಯವರೆಗೆ ಸುಮ್ಮನೆ ಕೂತರು. ನಾವು ಏಳುವಾಗ ಅರ್ಧ ಹಾಸೂ ಮುಗಿದಿರಲಿಲ್ಲ.

ಮರುದಿನ ಸೊನ್ನೆ ಹೊಡೆದುಹಾಕಿ ಎಂಬತ್ತೈದು ಬರೆದರು. ಅಂಕ ತಿದ್ದಿದರೆ ಕಾರಣ ಬರೆಯಲೇಬೇಕು. ಪ್ರಾಂಶುಪಾಲರಿಂದ ಹಿಡಿದು ಎಲ್ಲರೂ ಓದುತ್ತಾರೆ. “ಕಣ್ತಪ್ಪಿನಿಂದ ಆಯ್ತು ಅಂತ ಬರೀರಿ ಮಾವ, ಮರ್ಯಾದೆ ಉಳೀತೈತೆ” ಎಂದೆ.

“ಸುಮ್ನಿರಲೇ” ಎಂದು ಅದೇ ಕೆಂಪು ಪೆನ್ನಿನಲ್ಲಿ ಬರೆದರು: ‘ಪರೀಕ್ಷಕರ ಅಜ್ಞಾನ’.

ವರ್ಷಗಟ್ಟಲೆ ಅವರನ್ನು ಆಡಿಕೊಂಡು ನಕ್ಕಿದ್ದ ನಾನು ಆ ಷರಾವನ್ನು ಎರಡು ಸಲ ಓದಿದೆ. ಮಾವ ಪೆನ್ನನ್ನು ನನ್ನ ಕಡೆ ಚಾಚಿದರು.

“ತಗಾ, ನೀನೂ ಸಹಿ ಹಾಕು. ಸೊನ್ನೆಗೂ ಹಾಕಿದ್ದೆಯಲ್ಲ?”

ಹಾಕಿದೆ.