ನ್ಯೂಟ್ ಮರಿಗಳು ಹಿಡಿದ ಶ್ರಾವಣ

ನನ್ನ ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಗೆ ಲಂಡನ್ನಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಕೊನೆಗೆ ಕೊಟ್ಟದ್ದು ಏಳು ನ್ಯೂಟ್ ಮರಿಗಳು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಹೌನ್ಸ್ಲೋದ ನಮ್ಮ ಪಕ್ಕದ ಮನೆಯಾಕೆ ತೋಟದ ಕೊಳ ಮುಚ್ಚಿಸುವಾಗ ಅವನ್ನು ಬಕೆಟ್ಟಿನಲ್ಲಿ ಹೊತ್ತು ತಂದೆ. ನ್ಯೂಟ್ ಎಂದರೆ ರೂಪದಲ್ಲಿ ಹಲ್ಲಿ, ಕುಲದಲ್ಲಿ ಕಪ್ಪೆಯ ದಾಯಾದಿ. ಮರಿಗಳು ಕತ್ತಿನ ಪಕ್ಕ ಗರಿಯಂಥ ಕಿವಿರು ಹೊತ್ತು ನೀರಿನಲ್ಲಿರುತ್ತವೆ. ಕಿವಿರು ಕರಗಿದ ಮೇಲೆ ನೆಲಕ್ಕೆ ಹತ್ತುತ್ತವೆ. ಈ ಮಹಾ ರೂಪಾಂತರ ನನ್ನ ಅಡುಗೆಮನೆಯ ಕಿಟಕಿಯಲ್ಲಿಟ್ಟ ಗಾಜಿನ ತೊಟ್ಟಿಯಲ್ಲೇ ನಡೆಯಲಿದೆಯೆಂದು ಬೀಗುತ್ತಿದ್ದೆ.

ಅಷ್ಟರಲ್ಲಿ ಧಾರವಾಡದಿಂದ ಅತ್ತೆ ನಾಗವ್ವ ಬಂದಿಳಿದರು.

“ಇವು ಏನ್ ತಿಂತಾವ?”

“ನೀರಿನ ಹುಳ, ಅತ್ತೆ. ಜೀವಂತ ಇರಬೇಕು. ಅಲುಗಾಡದಿದ್ರೆ ಮುಟ್ಟಲ್ಲ.”

“ಲಿಂಗಪೂಜಿ ಮಾಡೂ ಮನ್ಯಾಗ! ನಾಳಿಂದ ಶ್ರಾವಣ. ಹುಳ ಹಾಕಿದ ಕೈಲೆ ಬಡದ ರೊಟ್ಟಿ ನಾ ಮುಟ್ಟೂದಿಲ್ಲ.”

ನಮ್ಮವರು ಪತ್ರಿಕೆಯ ಹಿಂದೆ ಅಡಗಿದರು. (ಅವರೂ ಉಭಯವಾಸಿಯೇ: ಅವ್ವನ ಮುಂದೆ ಒಂದು, ನನ್ನ ಮುಂದೆ ಇನ್ನೊಂದು.) ಹುಳ ಹಾಕಿದರೆ ಅತ್ತೆ ಉಪವಾಸ, ಹಾಕದಿದ್ದರೆ ಮರಿಗಳಿಗೆ ಸಾವು.

ಮರುದಿನ ಅತ್ತೆ ವಿಭೂತಿ ಧರಿಸಿ, ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ಮರಿಗಳಿಗೆ ಜೀವದಯೆಯ ಉಪದೇಶ ಮಾಡಿದರು. ಅವರು ಎದ್ದು ಹೋದದ್ದೇ ನಾನು ಕದ್ದು ಹುಳ ಬಿಟ್ಟೆ. ಒಂದು ಮರಿಯೂ ಮೂಸಲಿಲ್ಲ!

“ನೋಡಿದೇನವಾ, ಇಂದೂ?” ಬೆನ್ನ ಹಿಂದೆಯೇ ಅತ್ತೆ. “ಮರಿಗಳು ಶ್ರಾವಣ ಹಿಡದಾವ!”

ಆ ಸಂಭ್ರಮದಲ್ಲಿ ಅವರು ನನ್ನ ಕೈಯ ಅಪರಾಧವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡರು. ನಿಜವೇನೆಂದರೆ, ರೂಪಾಂತರದ ಕೊನೆಯಲ್ಲಿ ಮರಿಗಳು ತಿನ್ನುವುದನ್ನು ತಾವಾಗಿಯೇ ಕಡಿಮೆ ಮಾಡುತ್ತವೆ. ಅಲ್ಲದೆ ಅವಕ್ಕೆ ಕಿವಿರು ಉಂಟೇ ಹೊರತು ಕಿವಿ ಕಾಣದು, ಉಪದೇಶ ಕೇಳಿಸುವುದೆಲ್ಲಿಂದ? ಆದರೆ ಗೃಹಶಾಂತಿಗಾಗಿ ವಿಜ್ಞಾನ ಬಾಯಿ ಮುಚ್ಚಿಕೊಂಡಿತು.

ಕಿವಿರು ಕರಗಿತು. ಒಂದೊಂದಾಗಿ ಏಳೂ ಮರಿಗಳು ಪಾಚಿಯ ಮೇಲೆ ಹತ್ತಿ ಕುಳಿತು ಗಾಳಿ ಕುಡಿದವು. ಒಂದೂ ಸಾಯಲಿಲ್ಲ! ನನಗೆ ಕಣ್ಣು ತುಂಬಿ ಬಂತು. ನೆಲ ಮುಟ್ಟಿದ ಮೇಲೆ ಹಸಿವೂ ಮರಳಿತು. ಗುಲಾಬಿ ಗಿಡದ ಹೇನುಗಳನ್ನು ಎಲೆಸಮೇತ ತಂದು ಹಾಕಿದೆ, ಗಬಗಬ ನುಂಗಿದವು. ಅಂದು ಶ್ರಾವಣ ಸೋಮವಾರ, ವಾರ ಹಿಡಿದವರು ಉಪವಾಸವಿರುವ ದಿನ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ವಾರ ಮುರದ್ವು?”

“ಅವುಗಳ ತಪ್ಪಲ್ಲ, ಅತ್ತೆ. ಒಳಗೂ ಹೊರಗೂ ಮೈಯೆಲ್ಲ ಬದಲಾಗಿದೆ. ಈಗ ತಿನ್ನದಿದ್ರೆ ಉಳಿಯಲ್ಲ.”

ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದರು. “ಹೌದವಾ, ಸಣ್ಣ ಕೂಸುಗಳು. ಅವಕ್ಕೆಂಥ ವಾರ? ತಿನ್ನಲಿ.”

ಗೆದ್ದೆ ಎಂದುಕೊಂಡು, ಕೈ ತೊಳೆದು ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದುಕೊಂಡೆ. ಶಾಸ್ತ್ರದ ಎದುರು ಪ್ರಾಣಿಶಾಸ್ತ್ರ ಗೆದ್ದಿತ್ತು!

“ಆದ್ರ ಹಿಡದ ವಾರ ಅರ್ಧಕ್ಕ ಬಿಡಬಾರ್ದು,” ಎಂದರು ಅತ್ತೆ. “ಕೂಸು ಬಿಟ್ಟದ್ದನ್ನ ತಾಯಿ ಮುಗಸಬೇಕು.”

“ತಾಯಿ ಎಲ್ಲಿದ್ದಾಳೆ, ಅತ್ತೆ? ಆ ಕೊಳಾನೇ ಮುಚ್ಚಿಬಿಟ್ರು.”

“ಸಾಕಿದಾಕೀನೇ ತಾಯಿ.”

ಪ್ರಾಣಿಶಾಸ್ತ್ರ ಕೊಡದ ಪಟ್ಟ ಅದು. ಹೆಮ್ಮೆಯಿಂದ ತಲೆ ಬಾಗಿಸಿದೆ. ಅತ್ತೆ ನನ್ನ ಕೈಯಲ್ಲಿದ್ದ ಚಕ್ಕುಲಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಪತ್ರಿಕೆಯ ಹಿಂದೆ ಕುಳಿತಿದ್ದ ಮಗನ ತಟ್ಟೆಗೆ ಹಾಕಿದರು.