ಆನೆ ಹೊದಿಕೆಯ ಆಫರ್

ಸೊಸೆ ಬಸುರಿಯಾಗಿ ಫೋನಿನಲ್ಲಿ ಮಗುವಿನ ಸಾಮಾನಿನ ಬೆಲೆ ನೋಡತೊಡಗಿದಂದಿನಿಂದ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ಕೂತ ನೆನಪಿಲ್ಲ. ನಾನು ವಿಜಯಪುರದ ಕಡೆಯವಳು. ಅಲ್ಲಿ ಅಂಗಡಿಯಲ್ಲಿ ಅರ್ಧ ದಿನ ಕೂತು ಚೌಕಾಸಿ ಮಾಡಿದರೆ ಬೆಲೆಯೂ ಇಳಿಯುತ್ತಿತ್ತು, ಚಹಾವೂ ಬರುತ್ತಿತ್ತು. ಘಟ್ಟದ ಊರು ದೋಣಿಗಲ್ ಕೆಳಗಿನ ಈ ಕಾಫಿ ತೋಟದ ಮನೆಯಲ್ಲಿ ಬೆಲೆ ತನ್ನಷ್ಟಕ್ಕೆ ಏರುತ್ತದೆ, ಇಳಿಯುತ್ತದೆ. ಅದರ ಹಿಂದೆ ಓಡುವುದು ನಾವು.

ಕಣದ ಮೂಲೆ

ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ತುಂಬು ಬಸುರಿ ಇಡೀ ದಿನ ಅಲ್ಲಿಗೂ ಮನೆಗೂ ತಿರುಗುತ್ತಿದ್ದಳು. ಒಂದೇ ಹೊದಿಕೆಗೆ ಅವಳ ಫೋನಿನಲ್ಲಿ ಒಂದು ಬೆಲೆ, ಮಗನ ಫೋನಿನಲ್ಲಿ ಇನ್ನೊಂದು.

“ಅತ್ತೆ, ನಿಮ್ಮ ಫೋನ್ ಕೊಡಿ. ಹೊಸಬರಿಗೆ ಕಡಿಮೆಗೆ ಕೊಡ್ತಾರೆ.”

ನೋಡಿದರೆ ಹೊದಿಕೆಯ ತುಂಬ ಆನೆಗಳ ಚಿತ್ರ.

“ಆನೆ ನಮ್ಮ ತೋಟಕ್ಕ ಬಿಟ್ಟಿನ ಬರ್ತಾವಲ್ಲ ಯವ್ವಾ, ರೊಕ್ಕ ಕೊಟ್ಟು ಬ್ಯಾರೆ ತರಿಸಬೇಕೇನು?” ಎಂದೆ.

ಹೊಸಿಲಿನ ಆಚೆ

ಮಗು ಹುಟ್ಟುವ ಮೊದಲು ಅದರ ಸಾಮಾನು ಮನೆಯ ಹೊಸಿಲು ದಾಟಬಾರದು ಎಂದು ನಾನು ಹಟ ಹಿಡಿದೆ. “ಆಫರ್ ಇವತ್ತೇ ಮುಗಿಯುತ್ತೆ ಅತ್ತೆ!” ಎಂದು ಸೊಸೆ ಕಣ್ಣಲ್ಲಿ ನೀರು ತಂದುಕೊಂಡಳು. ಕೊನೆಗೆ ನಾನೇ ಉಪಾಯ ಹೇಳಿ, ಹೆದ್ದಾರಿಯ ಚಹಾ ಅಂಗಡಿಯವನ ವಿಳಾಸ ಕೊಡಿಸಿದೆ.

ಹೊದಿಕೆ ಬಂತು, ಟಬ್ಬು ಬಂತು, ತೊಟ್ಟಿಲು ಬಂತು. ಗಿರಾಕಿಗಳು ಡೈಪರ್ ಡಬ್ಬದ ಮೇಲೆ ಕೂತು ಬನ್ ತಿನ್ನತೊಡಗಿದರು. ತಲೆಯೆಲ್ಲ ನರೆತ ಅಂಗಡಿಯವನನ್ನು ಲಾರಿ ಡ್ರೈವರ್‌ಗಳು ಬಿಡಲಿಲ್ಲ: “ಏನಣ್ಣ, ಈ ವಯಸ್ಸಲ್ಲಿ ತೊಟ್ಟಿಲು?”

ಒಂದು ವಾರ ತಡೆದುಕೊಂಡು ಅವನು ನನಗೆ ಫೋನ್ ಮಾಡಿದ. “ಅಮ್ಮಾರೇ, ಬೇಗ ಹೆರಿಗೆ ಮಾಡಿಸ್ಬುಡಿ. ನನ್ನ ಹೆಂಡ್ರೂ ಕೇಳಕ್ ಶುರು ಮಾಡವ್ಳೆ!”

ಮೊದಲ ಬಟ್ಟೆ

ನೋವು ಶುರುವಾದ ದಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಗ ಅಂಗಡಿಯ ಮುಂದೆ ನಿಲ್ಲಿಸಿ ಹೊದಿಕೆಯನ್ನಷ್ಟೇ ಕಾರಿಗೆ ಹಾಕಿಕೊಂಡ. ಉಳಿದದ್ದನ್ನು ಹಿಂದೆಯೇ ತರುತ್ತೇನೆಂದ ಅಂಗಡಿಯವನು.

ಹೆಣ್ಣು ಮಗು. ನರ್ಸಮ್ಮ ಬಾಗಿಲಿಗೆ ಬಂದು, “ಹಳೇ ಹತ್ತಿ ಬಟ್ಟೆ ಕೊಡಿ” ಎಂದಳು. ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಹಳೆಯದನ್ನೇ. ಹೊಸದನ್ನು ಹುಡುಕುವ ಗಡಿಬಿಡಿಯಲ್ಲಿ ಹಳೇ ಬಟ್ಟೆ ಯಾರೂ ತಂದಿರಲಿಲ್ಲ.

“ಹೊಸ ಹೊದಿಕೆ ಇದೆಯಲ್ಲಮ್ಮ” ಎಂದ ಮಗ.

“ಛೀ, ಮೊದಲಿಗೇ ಹೊಸದಾ?” ನಾನು ಉಟ್ಟಿದ್ದು ಅವತ್ತೇ ಒಗೆದು ಒಣಗಿಸಿದ, ಸವೆದು ಬೆಣ್ಣೆಯಂತಾದ ಹತ್ತಿ ಸೀರೆ. “ಸೆರಗು ಕತ್ತರಿಸು ತಾಯಿ” ಎಂದೆ ನರ್ಸಮ್ಮನಿಗೆ.

ಮೊಮ್ಮಗಳು ಅದರೊಳಗೆ ಸುಮ್ಮನೆ ಮಲಗಿದಳು. ಇತ್ತ ಸೆರಗಿಲ್ಲದ ನನ್ನನ್ನು ನೋಡಲಾಗದೆ ಮಗ ಓಡಿಹೋಗಿ ಆನೆ ಹೊದಿಕೆ ತಂದು ನನ್ನ ಭುಜಕ್ಕೆ ಹೊದಿಸಿದ.

ಅಷ್ಟರಲ್ಲಿ ಅಂಗಡಿಯವನು ತೊಟ್ಟಿಲು ಹೊತ್ತು ಒಳಗೆ ಬಂದ. ಹಳೇ ಸೀರೆಯಲ್ಲಿದ್ದ ಮಗುವನ್ನು ನೋಡಿದ. ಮೈತುಂಬ ಆನೆ ಹೊದ್ದು ಕೂತ ನನ್ನನ್ನು ನೋಡಿದ. ಹೊರೆ ಇಳಿಸದೆ ಹಾಗೇ ನಿಂತುಬಿಟ್ಟ.

“ಅಮ್ಮಾರೇ, ಈ ತೊಟ್ಟಿಲೂ ನಿಮ್ಗೇನಾ?”