ನಮ್ಮ ಲೇತ್ ಮಾಲಕರ ಕೈಗುಣ

ಕಬ್ಬಿಣ ಕಡೆಯುವ ಲೇತ್ ಯಂತ್ರದ ಅಂಗಡಿಯಲ್ಲಿ ನಗೆ ಹುಟ್ಟಿಸಲು ಯಾರೂ ಕಷ್ಟಪಡಬೇಕಿಲ್ಲ. ಮಾಲಕರು ಬಂದು ಬಾಗಿಲು ತೆರೆದರೆ ಸಾಕು, ದಿನಕ್ಕೊಂದು ಪ್ರಸಂಗ ತಾನಾಗಿ ನಡೆಯುತ್ತದೆ. ಎಂಬತ್ತರ ದಶಕದ ಕೊನೆಯಿಂದ ಹನ್ನೊಂದು ವರ್ಷ ನಾನು ನಿಪ್ಪಾಣಿಯ ಇಂಥದೊಂದು ಅಂಗಡಿಯಲ್ಲಿ ಟರ್ನರ್ ಆಗಿದ್ದೆ. ಗಾಣದ ಶಾಫ್ಟು, ಪಂಪಿನ ಬುಶ್ಶು, ಟ್ರ್ಯಾಕ್ಟರಿನ ಪಿನ್ನು ಎಲ್ಲವನ್ನೂ ಕಡೆದು ನುಣುಪು ಮಾಡುವವನು ನಾನು. ಹೊರಗೆ ಗಾದಿಯ ಮೇಲೆ ಕೂತು "ನಮ್ಮ ಕೈಗುಣಾನ ಹಂಗೈತಿ" ಎನ್ನುವವರು ಮಾಲಕರು. ಅವರು ಲೇತ್ ಮುಟ್ಟುತ್ತಿದ್ದದ್ದು ವರ್ಷಕ್ಕೊಮ್ಮೆ, ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ. ಒಮ್ಮೆಯಾದರೂ ಗಿರಾಕಿಯ ಮುಂದೆ "ಇದು ನಮ್ಮ ಟರ್ನರ್ ಮಾಡಿದ್ದು" ಎಂದು ಅವರ ಬಾಯಿಂದ ಬರಲಿ ಎಂಬುದು ನನ್ನ ಆಸೆ. ಆಸೆಗೇನು, ಖರ್ಚಿಲ್ಲ, ಇಟ್ಟುಕೊಂಡಿದ್ದೆ.

೧. ಕಬ್ಬಿನ ಅಳತೆ

ಬೇಡಕಿಹಾಳದ ರೈತರೊಬ್ಬರ ಗಾಣದ ಸಣ್ಣ ಶಾಫ್ಟ್ ಮುರಿಯಿತು. ಹೊಸದು ಮಾಡಲು ಬೇರಿಂಗಿನ ತೂತಿನ ಅಳತೆ ಬೇಕಿತ್ತು. ಅವರು ಕಬ್ಬಿನ ತುಂಡೊಂದನ್ನು ಕುಡಗೋಲಿನಿಂದ ಕೆತ್ತಿ ಕೆತ್ತಿ, ಆ ತೂತಿನಲ್ಲಿ ಸರಿಯಾಗಿ ಕೂರುವಂತೆ ಮಾಡಿ, ಒಣಗಿ ಸಣ್ಣದಾಗಬಾರದೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರು. ನಮ್ಮ ಮಾಲಕರಿಗಿಂತ ಅವರಿಗೇ ಹೆಚ್ಚು ಬುದ್ಧಿಯಿತ್ತು. ಅದನ್ನು ಮೇಜಿನ ಮೇಲಿಟ್ಟು ಚಹಾಕ್ಕೆ ಹೋದರು.

ನಾನು ಒಳಗಿನಿಂದ ಸರಳು ಆರಿಸಿ ತರುವಷ್ಟರಲ್ಲಿ ಮೇಜಿನ ಮೇಲೆ ಬಟ್ಟೆ ಮಾತ್ರ ಉಳಿದಿತ್ತು. ಮಾಲಕರ ಕಾಲಬುಡದಲ್ಲಿ ಅಗಿದ ಸಿಪ್ಪೆ ಬಿದ್ದಿತ್ತು.

"ಮಾಲಕರ, ಅದು ಅಳತಿ ಆಗಿತ್ತರಿ," ಎಂದೆ.

"ಮೊದಲ ಹೇಳಬಾರದನಪಾ? ಪ್ರೀತಿಲೆ ತಂದಾರಂತ ತಿಳಕೊಂಡೆ," ಎಂದು ಬಾಯಿ ಒರೆಸಿಕೊಂಡರು.

ರೈತರು ಬಂದು ಸಿಪ್ಪೆ ನೋಡಿದರು. ಮಾಲಕರು ಅಳುಕಲಿಲ್ಲ. "ಕಾಳಜಿ ಮಾಡಬ್ಯಾಡ್ರಿ, ಅಳತಿ ನನ್ನ ತಲ್ಯಾಗೈತಿ."

"ತಲ್ಯಾಗ ಎಲ್ಲೈತ್ರಿ ಸಾವಕಾರ್ರ, ಹೊಟ್ಯಾಗೈತಿ," ಎಂದ ರೈತರು ಇನ್ನೊಂದು ಕಬ್ಬು ಕೆತ್ತಲು ಊರಿಗೆ ಹೊರಟರು.

೨. ಗಿಡ್ಡ ಕಾಲು

ಅಥಣಿ ಕಡೆಯ ದ್ರಾಕ್ಷಿ ತೋಟದವರೊಬ್ಬರು ಮಗಳ ಮದುವೆಗೆಂದು ಸಾಗುವಾನಿ ಮಂಚದ ಕಾಲು ಕಡೆಸಲು ಬಂದರು. "ಕಬ್ಬಿಣಾನ ನಮ್ಮ ಮಾತ ಕೇಳತೈತಿ, ಕಟಗಿ ಏನ ಮಹಾ?" ಎಂದು ಮಾಲಕರು ಒಪ್ಪಿಕೊಂಡರು. ಮೂರು ತುಂಡುಗಳನ್ನು ನಾನು ಅಳೆದು ಕೊಯ್ದೆ. ನಾನು ಊಟಕ್ಕೆ ಹೋದಾಗ ನಾಲ್ಕನೆಯದನ್ನು ಮಾಲಕರು ತಮ್ಮ ಟೇಪು ಹಿಡಿದು ಕೊಯ್ದಿಟ್ಟರು. ಆ ಟೇಪಿನ ಮೊದಲ ಇಂಚು ಯಾವತ್ತೋ ಮುರಿದುಹೋಗಿತ್ತು.

"ಇದು ಒಂದಿಂಚು ಗಿಡ್ಡ ಐತ್ರಿ," ಎಂದೆ.

"ಕಟಗಿ ಐತಿ, ಎಣ್ಣಿ ಕುಡದ ಉದ್ದ ಆಗತೈತಿ. ನೀ ಕಡಿ."

ಕಡೆದೆ. ಮಂಚ ಕುಂಟಿತು. ಗಿರಾಕಿ ಸಿಟ್ಟಿನಿಂದ ಬಂದಾಗ ಮಾಲಕರು ನನ್ನತ್ತ ಬೆರಳು ಮಾಡಿ, "ಮೂರು ಕಾಲ ನನ್ನ ಕೈಯಾಗಿನವು. ಆ ಗಿಡ್ಡಂದು ಇವಂದು," ಎಂದುಬಿಟ್ಟರು.

ಗಿರಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾಲ್ಕೂ ನೀವ ಮಾಡಬೇಕಿತ್ತರಿ," ಎಂದು ಮಾಲಕರಿಗೆ ಹೇಳಿದರು. ಅದು ನನಗೂ ಒಪ್ಪಿಗೆ. ನಾಲ್ಕನ್ನೂ ಅವರೇ ಅಳೆದಿದ್ದರೆ ಮಂಚ ಗಿಡ್ಡವಾಗುತ್ತಿತ್ತು, ಕುಂಟುತ್ತಿರಲಿಲ್ಲ.

೩. ಫೇಟಾ

ಹನ್ನೊಂದನೆಯ ವರ್ಷ ಓಣಿಯ ಮಂಡಳಿಯವರು ನಮ್ಮ ಅಂಗಡಿಗೇ ಬಂದು ಕುಶಲ ಕೆಲಸಗಾರರ ಸತ್ಕಾರ ಮಾಡುತ್ತೇವೆಂದರು. ನಮ್ಮ ಕಡೆ ಸತ್ಕಾರವೆಂದರೆ ತಲೆಗೆ ಫೇಟಾ ಸುತ್ತಬೇಕು, ಕೈಗೆ ತೆಂಗಿನಕಾಯಿ ಕೊಡಬೇಕು. ನಾನು ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದೆ. ಅವರು ಫೇಟಾ ಸುತ್ತಿದ್ದು ಮಾಲಕರಿಗೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅವರ ಕಾಯಿ ಹಿಡಿದು ನಿಲ್ಲುವ ಕೆಲಸ ನನಗೆ ಬಂತು.

ಮಂಡಳಿಯ ಹಿರಿಯರೊಬ್ಬರು, "ಮಾಲಕರ, ಒಂದೀಟ ಮಷಿನ್ ಚಾಲೂ ಮಾಡಿ ತೋರಸ್ರಿ, ಮಂದಿ ನೋಡ್ಲಿ," ಎಂದರು.

ಮಾಲಕರು ನನ್ನನ್ನು ನೋಡಿದರು. ನಾನು ತೆಂಗಿನಕಾಯಿ ನೋಡಿದೆ.

ಚಾಲೂ ಮಾಡುವ ಗುಂಡಿ ಅವರಿಗೆ ಗೊತ್ತಿತ್ತು, ಪೂಜೆಯ ದಿನ ಒತ್ತುತ್ತಿದ್ದರು. ಒತ್ತಿದರು. ನಾನು ಲೇತಿಗೆ ಹಾಕಿಟ್ಟಿದ್ದ ಶಾಫ್ಟ್ ತಿರುಗತೊಡಗಿತು. ಎಲ್ಲ ಬಲ್ಲವರಂತೆ ಬಗ್ಗಿ ನೋಡಿದರು. ಬೆನ್ನ ಮೇಲೆ ಇಳಿಬಿದ್ದಿದ್ದ ಫೇಟಾದ ಸೆರಗು ಮುಂದೆ ಜಾರಿ ಶಾಫ್ಟಿಗೆ ಸಿಕ್ಕಿತು. ತಲೆಯ ಮೇಲಿಂದ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಶಾಫ್ಟಿಗೆ ಸುತ್ತಿಕೊಳ್ಳತೊಡಗಿತು. ಮಾಲಕರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂಗಿದರು:

"ಲೇ, ಇದನ್ನ ಬಂದ್ ಮಾಡೂದ ಎಲ್ಲೈತೋ?"

ಹನ್ನೊಂದು ವರ್ಷದ ಕೈಗುಣ ಅಷ್ಟು ಮಂದಿಯ ಮುಂದೆ ಬಯಲಾಯಿತು. ನಾನು ಹೋಗಿ ಗುಂಡಿ ಒತ್ತಿ ನಿಲ್ಲಿಸಿದೆ. ಮಾಲಕರಿಗೆ ಒಂದು ಗೀರೂ ಆಗಿರಲಿಲ್ಲ, ಬೋಳುತಲೆ ಮಾತ್ರ ಹೊರಗೆ ಬಂದಿತ್ತು. ಫೇಟಾ ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿತ್ತು. ಈಗಲಾದರೂ ಕೆಲಸ ಯಾರದೆಂದು ಹಿರಿಯರಿಗೆ ತಿಳಿಯಿತಲ್ಲ ಎಂದು ಎದೆಯುಬ್ಬಿಸಿ ನಿಂತೆ. ಅವರು ಫೇಟಾ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೇಟಾ ನೋಡಿ ತಲೆಯಾಡಿಸಿದರು.

"ಸತ್ಕಾರ ಮುಟ್ಟಬೇಕಾದಾವರಿಗೆ ಮುಟ್ಟತ ಬಿಡ್ರಿ. ಇಷ್ಟ ವರ್ಷ ದುಡದದ್ದು ಈ ಮಷಿನ್ನ ಅಲ್ಲೇನು?"

ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಕಾಯಿ ಹಿಡಕೊಂಡ ಏನ ನೋಡಾಕತ್ತಿ? ಅದರ ಮುಂದ ಒಡಿ," ಎಂದರು.